ಬೋಪದೇವ ಘಾಟಿನಲ್ಲಿ ಕಳೆದುಹೋದ ಮಧ್ಯಾಹ್ನ

ಭಾನುವಾರ ನಸುಕಿನಲ್ಲಿ ಮೊಮ್ಮಗಳು ಅಶ್ವಿನಿಯ ಸ್ಕೂಟರಿನ ಹಿಂದೆ ಕುಳಿತು ಬಿಬವೇವಾಡಿಯ ಮನೆಯಿಂದ ಹೊರಟೆ. ತೊಡೆಯ ಮೇಲೆ ಬುತ್ತಿಯ ಗಂಟು, ಬೆನ್ನಿಗೆ ಕ್ಯಾಮೆರಾದ ಚೀಲ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದುಕೊಂಡಿದ್ದೆ. ದೇವರಿಗೆ ಹೋಗುವವರು ಹೀಗೆ ಹೋಗುವುದಿಲ್ಲ, ಮದುವೆಗೆ ಹೋಗುವವರೂ ಹೋಗುವುದಿಲ್ಲ. ನಾವು ಹೋಗಿದ್ದು ಒಂದು ಗುಡ್ಡದ ಫೋಟೋ ತೆಗೆಯಲಿಕ್ಕೆ. ಒಂದೇ ಗುಡ್ಡ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಅದನ್ನೇ ತೆಗೆಯುವುದು.

ಯಾಕೆಂದು ಹೇಳುತ್ತೇನೆ. ಕೊಂಢವಾದಲ್ಲಿ ಒಬ್ಬ ಶೆಟ್ಟರು ಹೊಸ ಹೋಟೆಲು ತೆರೆಯುವವರಿದ್ದರು. ಊಟದ ಹಾಲಿನ ಉದ್ದ ಗೋಡೆಗೆ ಏನಾದರೂ ಹಚ್ಚಬೇಕಾಗಿತ್ತು. ಅಶ್ವಿನಿ ಅವರಿಗೆ ಹೇಳಿದ್ದಳು: ಒಂದೇ ಜಾಗದಲ್ಲಿ ನಿಂತು ಇಡೀ ದಿನ ಗುಡ್ಡದ ಫೋಟೋ ತೆಗೆಯುತ್ತೇನೆ, ಒಂದೊಂದು ಫೋಟೋದಿಂದ ಒಂದೊಂದು ಪಟ್ಟಿ ಕತ್ತರಿಸಿ ಸಾಲಾಗಿ ಕೂಡಿಸುತ್ತೇನೆ, ಎಡಗಡೆ ಮುಂಜಾನೆ, ಬಲಗಡೆ ಸಂಜೆ, ಗುಡ್ಡ ಮಾತ್ರ ಒಂದೇ. ನಮ್ಮ ಕಡೆ ಕೌದಿ ಹೊಲಿಯುವುದಿಲ್ಲವೆ, ಹಾಗೆ. ಶೆಟ್ಟರು, "ಭಾನುವಾರ ರಾತ್ರಿಯ ಒಳಗೆ ತೋರಿಸು. ಚಂದ ಕಂಡರೆ ನನ್ನ ಮೂರೂ ಹೋಟೆಲಿನ ಗೋಡೆ ನಿನಗೇ. ಇಲ್ಲದಿದ್ದರೆ ಜಲಪಾತದ ಸ್ಟಿಕ್ಕರು ಅಂಟಿಸುತ್ತೇನೆ" ಅಂದಿದ್ದರು.

ಜಲಪಾತ ಬಂದರೆ ಅಶ್ವಿನಿ ಕುರಕುಂಭಕ್ಕೆ ಹೋಗಬೇಕು. ಅವಳ ಅಪ್ಪ, ಅಂದರೆ ನನ್ನ ಮಗ, ಅಲ್ಲಿಯ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ನೌಕರಿ ಗೊತ್ತು ಮಾಡಿದ್ದ. ಸೋಮವಾರ ಹಾಜರಾಗಬೇಕು. ಗೋಡೆ ಸಿಕ್ಕರೆ ಕುರಕುಂಭ ಬೇಡ, ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಹೋಗಬೇಕು ಎಂದು ಅಪ್ಪ ಮಗಳ ನಡುವೆ ಕರಾರಾಗಿತ್ತು. ನಾನು ಯಾರ ಪಕ್ಷವೂ ಅಲ್ಲ. ಹೆಣ್ಣುಹುಡುಗಿ ದಿನವೆಲ್ಲ ಘಾಟಿನಲ್ಲಿ ಒಬ್ಬಳೇ ಕೂರಬಾರದೆಂದು ಮಗ ನನ್ನನ್ನು ಕಾವಲಿಗೆ ಹಾಕಿದ್ದ, ಅಷ್ಟೆ.

ಕೊಂಢವಾ ದಾಟುವಾಗ ರಸ್ತೆಯಲ್ಲಿ ನಾಯಿಗಳು ಮತ್ತು ಕಾಂಕ್ರೀಟಿನ ಲಾರಿಗಳು, ಬೇರೆ ಯಾರೂ ಇಲ್ಲ. ಯೇವಲೇವಾಡಿಯ ಆಚೆ ಬೋಪದೇವ ಘಾಟು ಶುರುವಾಯಿತು. ಮನೆಯಿಂದ ಹನ್ನೆರಡು ಕಿಲೋಮೀಟರು ಇದ್ದೀತು, ನನ್ನ ಸೊಂಟ ಅದನ್ನು ಇಪ್ಪತ್ತು ಎಂದು ಎಣಿಸಿತು. ಮಳೆಗಾಲ ಮುಗಿಯುತ್ತ ಬಂದಿತ್ತು. ತಿರುವುಗಳಲ್ಲಿ ಮಂಜು ಎಷ್ಟಿತ್ತೆಂದರೆ ಎದುರು ಬರುವ ಹಾಲಿನ ಗಾಡಿಯ ದೀಪ ಕಾಣುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ.

ಮೇಲೆ ಬಯಲಿನಂಥ ಜಾಗ. ಒಂದು ಬೇವಿನ ಮರ, ಅದರ ಹತ್ತಿರ ತಾಡಪತ್ರಿ ಕಟ್ಟಿದ ಚಹಾದಂಗಡಿ. ಅಶ್ವಿನಿ ಸ್ಟ್ಯಾಂಡು ಊರಿ, ಕ್ಯಾಮೆರಾ ಕೂರಿಸಿ, ಕಣ್ಣಿಟ್ಟು ನೋಡಿದಳು. ಮತ್ತೆ ನೋಡಿದಳು. ಮದುವೆಗೆ ಹುಡುಗನನ್ನು ಸಹ ಯಾರೂ ಅಷ್ಟು ಹೊತ್ತು ನೋಡುವುದಿಲ್ಲ.

"ಎಲ್ಲಿ ಅದ ಗುಡ್ಡ?" ಎಂದೆ.

"ಮಂಜಿನ್ಯಾಗ ಅದ, ಆಯಿ."

"ಕಾಣಲಾರದ್ದರ ಫೋಟೋ ಯಾಕ ತಗೀತಿ?"

"ಕಾಣಲಾರದ್ದೂ ಬೇಕು. ಅಲ್ಲಿಂದನ ದಿನಾ ಶುರು ಆಗ್ತದ."

ಚಹಾದಂಗಡಿಯ ಹೆಂಗಸಿಗೆ ಐವತ್ತರ ಆಚೆ ಈಚೆ ವಯಸ್ಸು, ಹಣೆಯ ತುಂಬ ಕುಂಕುಮ. ಹುಡುಗಿ ನನ್ನನ್ನು ಆಯಿ ಎಂದದ್ದನ್ನು ಕೇಳಿ, ನನ್ನ ಬಿಳಿಗೂದಲು ನೋಡಿದಳು, ಅವಳ ಜೀನ್ಸು ನೋಡಿದಳು, ಮತ್ತೆ ನನ್ನ ಬೊಚ್ಚುಬಾಯಿ ನೋಡಿದಳು. "ಶೇಂಡೇಫಳ ಕಾ ಹೋ, ಮಾವಶೀ?" ಎಂದು ಮೆಲ್ಲಗೆ ಕೇಳಿದಳು. ಶೇಂಡೇಫಳ ಎಂದರೆ ಮರದ ತುದಿಯ ಹಣ್ಣು, ಕಟ್ಟಕಡೆಗೆ ಹುಟ್ಟಿದ ಕೂಸು. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ವಿಜಯಪುರದ ಕಡೆ ಅಜ್ಜಿ. ಈ ಊರಿಗೆ ಬಂದಾಗಿನಿಂದ ಈ ಫಜೀತಿ ಇದೆ. ತಿದ್ದಿ ತಿದ್ದಿ ಬೇಸತ್ತಿದ್ದೆ. "ಹೋ," ಹೌದು ಎಂದೆ. ಆ ಹೆಂಗಸು ಎರಡೂ ಕೈಯೆತ್ತಿ ಮುಗಿದು, ಮೊದಲನೆಯ ಚಹಾಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ.

ಹೊತ್ತು ಏರಿದ ಹಾಗೆ ಮಂಜು ಹರಿಯಿತು. ಮೊದಲು ಗುಡ್ಡದ ಬೆನ್ನು ಕಾಣಿಸಿತು, ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯ ಬೆನ್ನಿನ ಹಾಗೆ. ಆಮೇಲೆ ಹೊಟ್ಟೆ ಕಂಡಿತು, ಆಮೇಲೆ ಕಾಲ ಬುಡದಲ್ಲಿ ಜೋಳದ ಹೊಲ, ಒಂದು ಕಲ್ಲಿನ ಖಣಿ, ಅದರಾಚೆ ಅರ್ಧ ಕಟ್ಟಿದ ಬಿಲ್ಡಿಂಗುಗಳು. ಬಿಸಿಲು ಅಡ್ಡ ಬೀಳುತ್ತಿದ್ದಾಗ ಗುಡ್ಡದ ಮೈಮೇಲೆ ಒಂದೊಂದು ಮಡಿಕೆಯೂ ಒಂದೊಂದು ಕೊರಕಲೂ ಎದ್ದು ಕಾಣುತ್ತಿತ್ತು. ಬಿಸಿಲು ನೆತ್ತಿಗೆ ಬಂದಂತೆ ಮಡಿಕೆಗಳೆಲ್ಲ ಮಾಯವಾಗಿ ಬೇಯಿಸಿದ ಬಟಾಟೆಯ ಹಾಗಾಯಿತು. ಗುಡ್ಡ ಎಲ್ಲಿಗೂ ಹೋಗಿರಲಿಲ್ಲ, ಆದರೆ ಮುಂಜಾನೆ ನೋಡಿದವನಿಗೆ ಹಗಲಿನಲ್ಲಿ ಗುರುತು ಹತ್ತುತ್ತಿರಲಿಲ್ಲ. ನನಗೂ ನೋಡುವ ಚಟ ಹಿಡಿಯಿತು, ಸುಳ್ಳು ಯಾಕೆ ಹೇಳಲಿ.

ಅಶ್ವಿನಿಗೆ ಬೇರೆ ಕಷ್ಟ ಬಂತು. ನಾನು ಲಾಂಟಾನಾ ಪೊದೆಯ ಹಿಂದೆ ಹೋಗಿ ಬಂದಿದ್ದೆ. ಅವಳು ಬೆಳಗಿನಿಂದ ತಡೆದುಕೊಂಡಿದ್ದಳು.

"ಹೋಗಿ ಬಾ. ಯಾರು ನೋಡ್ತಾರ? ನಾ ಸೆರಗ ಹಿಡೀತೀನಿ."

"ನನ್ನ ಕೈಲಾಗೂದಿಲ್ಲ, ಆಯಿ. ಕೆಳಗ ಪೆಟ್ರೋಲ್ ಪಂಪ್ ಅದ, ಅಲ್ಲಿ ಹೋಗಿ ಬರ್ತೀನಿ."

"ಡಿಗ್ರಿ ಓದೀದಿ, ಪೊದಿ ಹಿಂದ ಕುಂದ್ರಾಕ ಬರೂದಿಲ್ಲ."

ಅವಳು ನಗಲಿಲ್ಲ. ಕ್ಯಾಮೆರಾದ ಗುಂಡಿ ತೋರಿಸಿದಳು. ತಾನು ಬರುವುದು ತಡವಾದರೆ ಫೋನ್ ಮಾಡುತ್ತೇನೆ, ಆಗ ಇದನ್ನು ಮೆಲ್ಲಗೆ ಒತ್ತಬೇಕು, ಸ್ಟ್ಯಾಂಡು ಮಾತ್ರ ಕೂದಲೆಳೆಯಷ್ಟೂ ಅಲುಗಾಡಬಾರದು, ಅಲುಗಿದರೆ ಮುಂಜಾನೆಯ ಗುಡ್ಡಕ್ಕೆ ಮಧ್ಯಾಹ್ನದ ಗುಡ್ಡ ಕೂಡುವುದಿಲ್ಲ ಎಂದಳು. ಎಲ್ಲ ತಿಳಿಯಿತು. ನಾನೇನು ದಡ್ಡಿಯಲ್ಲ.

ಅವಳು ಇಳಿದು ಹೋದ ಮೇಲೆ ಗಾಳಿ ತಿರುಗಿತು. ಸಾಸವಡದ ದಿಕ್ಕಿನಿಂದ ಕರಿಮೋಡ ಎದ್ದು ಬಂತು. ಅದರ ನೆರಳು ಹೊಲದ ಮೇಲೆ ಹರಿದು ಗುಡ್ಡ ಹತ್ತತೊಡಗಿತು. ಅಷ್ಟರಲ್ಲಿ ಫೋನು ರಿಂಗಾಯಿತು. ಗಾಳಿಯ ಭೋರಾಟದಲ್ಲಿ ಅಶ್ವಿನಿಯ ಚೀರಾಟ ತುಂಡು ತುಂಡಾಗಿ ಕೇಳಿಸಿತು:

"ಆಯಿ! ಮೋಡ... ತಗಿ! ಲಗೂ ತಗಿ! ತಗಿ, ತಗಿ!"

ಓದುವವರು ಒಂದು ಮಾತು ತಿಳಿದುಕೊಳ್ಳಬೇಕು. ನಮ್ಮ ಮನೆಯಲ್ಲಿ ಮೋಡ ಕಟ್ಟಿದಾಗ ಯಾರಾದರೂ ತಗಿ ತಗಿ ಎಂದು ಚೀರಿದರೆ ಅದಕ್ಕೆ ಒಂದೇ ಅರ್ಥ. ಮಾಳಿಗೆಯ ಮೇಲೆ ಹಪ್ಪಳ ಇವೆ, ಸಂಡಿಗೆ ಇವೆ, ಬಟ್ಟೆ ಇವೆ, ಮಳೆ ಬೀಳುವುದರೊಳಗೆ ತೆಗೆಯಬೇಕು. ಆ ಮಾತಿಗೆ ಯೋಚನೆ ಮಾಡುತ್ತ ನಿಂತವರ ಹಪ್ಪಳ ಉಳಿಯುವುದಿಲ್ಲ. ನಾನು ಯೋಚನೆ ಮಾಡಲಿಲ್ಲ. ಸ್ಟ್ಯಾಂಡಿನ ಸಮೇತ ಕ್ಯಾಮೆರಾ ಕಿತ್ತು, ಸೆರಗಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಚಹಾದಂಗಡಿಯ ತಾಡಪತ್ರಿಯ ಕೆಳಗೆ ಓಡಿದೆ. ಇಷ್ಟು ವೇಗವಾಗಿ ಓಡದೆ ಬಹಳ ವರ್ಷಗಳಾಗಿದ್ದವು. ಒಂದು ಹನಿ ಮಳೆ ಬೀಳಲಿಲ್ಲ. ಮೋಡ ತನ್ನ ಪಾಡಿಗೆ ಗುಡ್ಡ ದಾಟಿ ಹೋಯಿತು.

ಅಶ್ವಿನಿ ಮೇಲೆ ಬಂದಾಗ ನಾನು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ.

"ಆಯಿ, ಏನ್ ಮಾಡಿದಿ ಇದು?"

"ನೀನ ತಗಿ ಅಂದಿ."

"ಫೋಟೋ ತಗಿ ಅಂದ್ನಿ! ಮೋಡದ ನೆರಳ ಗುಡ್ಡದ ಮ್ಯಾಲ ಬಂದಿತ್ತು, ಅದನ್ನ ತಗಿ ಅಂದ್ನಿ!"

"ಫೋಟೋ ಅನ್ನೂದು ಗಾಳ್ಯಾಗ ಹೋತು. ತಗಿ ಅನ್ನೂದಷ್ಟ ಬಂತು. ನನ್ನ ತಪ್ಪೇನು?"

ಚಹಾದವಳಿಗೆ ಜಗಳದ ಕಾರಣ ಮರಾಠಿಯಲ್ಲಿ ಹೇಳಿದೆ. ಅವಳು ಒಲೆಯ ಮುಂದೆ ಬಿದ್ದು ಬಿದ್ದು ನಕ್ಕಳು. ಮರಾಠಿಯ ಕಾಢ್ ಎಂಬ ಮಾತೂ ನಮ್ಮ ತಗಿಯ ಜಾತಿಯದೇ. "ಆಮಚ್ಯಾತ ಪಣ ತಸಂಚ್, ಮಾವಶೀ. ಫೋಟೋ ಪಣ ಕಾಢ್, ಕಪಡೇ ಪಣ ಕಾಢ್!" ನಮ್ಮಲ್ಲೂ ಹಾಗೇ, ಫೋಟೋವನ್ನೂ ತೆಗಿ, ಬಟ್ಟೆಯನ್ನೂ ತೆಗಿ ಎಂದಳು. ಹುಡುಗಿ ಬಟ್ಟೆಯ ಮಾತೆತ್ತಲಿಲ್ಲವಲ್ಲ, ಅದೇ ಪುಣ್ಯ ಎಂದೆ. ಇಬ್ಬರೂ ನಕ್ಕೆವು. ಅಶ್ವಿನಿ ನಮ್ಮಿಬ್ಬರನ್ನೂ ಕೊಲ್ಲುವ ಹಾಗೆ ನೋಡಿದಳು.

ಸ್ಟ್ಯಾಂಡಿನ ಕಾಲುಗಳ ಗುರುತು ಮಣ್ಣಿನಲ್ಲಿ ಇರಬೇಕಿತ್ತು. ನಡುವೆ ಯಾರದೋ ಆಡುಗಳು ಹಾದು ಹೋಗಿ ಮಣ್ಣಿನಲ್ಲಿ ಬರೀ ಕಾಲಿನ ಗುರುತೇ ಆಗಿತ್ತು. ಇಲ್ಲೇ ಇತ್ತು ಎಂದು ನಾನು, ಅಲ್ಲಲ್ಲ ಎಂದು ಅವಳು. ಮುಂಜಾನೆಯ ಫೋಟೋ ಮೊಬೈಲಿನಲ್ಲಿ ಹಿಡಿದು ಹೋಲಿಸಿದಳು. ಗುಡ್ಡ ಕೂಡಿದರೆ ಬಿಲ್ಡಿಂಗು ಸರಿಯುತ್ತಿತ್ತು, ಬಿಲ್ಡಿಂಗು ಕೂಡಿದರೆ ಗುಡ್ಡ ಏರುತ್ತಿತ್ತು. ಕಡೆಗೆ ಇದ್ದುದರಲ್ಲಿ ಹತ್ತಿರದ ಜಾಗ ನೋಡಿ ಊರಿದಳು. ನೆತ್ತಿಯ ಬಿಸಿಲು ಅಷ್ಟರಲ್ಲಿ ಇಳಿದುಹೋಗಿತ್ತು. ಆ ದಿನದ ಮಧ್ಯಾಹ್ನ ಯಾವ ಫೋಟೋದಲ್ಲೂ ಇಲ್ಲ.

ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವಳು ಅಳಲಿಲ್ಲ, ಬೈಯಲಿಲ್ಲ, ರೊಟ್ಟಿಯನ್ನು ಚಿಕ್ಕ ಚಿಕ್ಕ ಚೂರು ಮಾಡುತ್ತ ಕೂತಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಕುರಕುಂಭದಾಗ ವಾಸನಿ ಭಾಳಂತ, ಆಯಿ. ಮಂದಿ ಹೇಳ್ತಾರ."

"ರೂಢಿ ಆಗ್ತದ. ನಿನ್ನ ಮುತ್ಯಾ ಬೀಡಿ ಸೇದತಿದ್ದ, ನನಗ ರೂಢಿ ಆಗಲಿಲ್ಲೇನು?"

"ಆತೇನು?"

"ಇಲ್ಲ."

ಸಂಜೆ ಹಳದಿ ಬಿಸಿಲು ಮತ್ತೆ ಅಡ್ಡ ಬಿತ್ತು, ಈ ಸಲ ಎದುರು ದಿಕ್ಕಿನಿಂದ. ಮುಂಜಾನೆ ಬೆಳಕಿದ್ದ ಕೊರಕಲಿನಲ್ಲಿ ಈಗ ಕತ್ತಲೆ, ಕತ್ತಲೆಯಿದ್ದಲ್ಲಿ ಬೆಳಕು. ಅಂಗಿಯನ್ನು ತಿರುವಿ ಹಾಕಿದಂತಿತ್ತು. ಅಶ್ವಿನಿ ಒಂದನ್ನೂ ಬಿಡದೆ ತೆಗೆದಳು. ಹೊತ್ತು ಮುಳುಗಿ ಗುಡ್ಡ ಬರೀ ಗೆರೆಯಾದಾಗ ಸ್ಟ್ಯಾಂಡು ಮಡಿಚಿದೆವು. ಚಹಾದವಳು, "ಲೇಕೀಲಾ ಸಾಂಭಾಳಾ," ಮಗಳನ್ನು ಜೋಪಾನ ಮಾಡಿ ಎಂದು ಕಳಿಸಿಕೊಟ್ಟಳು.

ಕೊಂಢವಾದ ಹೋಟೆಲಿಗೆ ನೇರ ಹೋದೆವು. ಒಳಗೆಲ್ಲ ಬಣ್ಣದ ವಾಸನೆ, ಪ್ಲಾಸ್ಟಿಕ್ಕು ಬಿಚ್ಚದ ಕುರ್ಚಿಗಳು. ಅಶ್ವಿನಿ ಲ್ಯಾಪ್‌ಟಾಪು ತೆರೆದು ಪಟ್ಟಿಗಳನ್ನು ಕೂಡಿಸಿದಳು. ಎಡಗಡೆಯ ಅರ್ಧ ಬಹಳ ಚಂದ, ಬಲಗಡೆಯ ಅರ್ಧವೂ ಚಂದ. ಎರಡೂ ಕೂಡುವಲ್ಲಿ ಗುಡ್ಡಕ್ಕೆ ಮೆಟ್ಟಿಲು ಬಿದ್ದಿತ್ತು.

ಶೆಟ್ಟರು ಕನ್ನಡಕ ಏರಿಸಿ ನೋಡಿದರು. "ಇದೆಂತ ಮಾರಾಯ್ತಿ, ಗುಡ್ಡೆ ತುಂಡಾಗಿದೆಯಲ್ಲ?"

"ಕ್ಯಾಮೆರಾ ಸ್ವಲ್ಪ ಅಳ್ಳಾಡಿತ್ರಿ," ಎಂದಳು ಅಶ್ವಿನಿ.

"ಅಳ್ಳಾಡಿಲ್ರಿ, ನಾ ಕಿತ್ತೀನಿ," ಎಂದೆ.

ಶೆಟ್ಟರು ಅವಳನ್ನೂ ನನ್ನನ್ನೂ ನೋಡಿದರು. "ಚಂದ ಉಂಟು. ಇಲ್ಲ ಅಂತ ಅಲ್ಲ. ಆದರೆ ಊಟಕ್ಕೆ ಕೂತವರು ಇದೆಂತ ಅಂತ ಕೇಳಿದರೆ ನಾನು ಎಂತ ಹೇಳುವುದು? ಬೇಡ, ಜಲಪಾತವೇ ಆಗಬಹುದು." ಫೋನು ಕೈಗೆತ್ತಿಕೊಂಡರು.

ನನಗೆ ಕೈಗೆಲ್ಲ ಘಾಟಿನ ಧೂಳು. ತೊಳೆಯೋಣವೆಂದು ಸುತ್ತ ನೋಡಿದೆ. ಉದ್ದ ಗೋಡೆಯ ನಟ್ಟನಡುವೆ ಫಳಫಳ ಹೊಳೆಯುವ ಬೇಸಿನ್ನು ಇತ್ತು, ಅದರ ಮೇಲೆ ಆಳೆತ್ತರದ ಕನ್ನಡಿ. ಹೋಗಿ ನಲ್ಲಿ ತಿರುವಿದೆ. ಅಶ್ವಿನಿಯ ಕಣ್ಣು ಆಗಲೇ ಅದರ ಮೇಲೆ ಬಿತ್ತು.

"ಇದು ಯಾವಾಗ ಬಂತ್ರಿ? ಮೊನ್ನೆ ಅಳತಿ ತಗೊಂಡಾಗ ಗ್ವಾಡಿ ಖಾಲಿ ಇತ್ತು."

"ಇವತ್ತೇ ಕೂರಿಸಿದ್ದು. ಗಿರಾಕಿಗಳು ಕೈ ಎಲ್ಲಿ ತೊಳೆಯುವುದು ಮತ್ತೆ?"

ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದೆ: "ಶೆಟ್ರ, ಈ ಕನ್ನಡಿ ಇರೂ ಜಾಗಾದಾಗ ಗುಡ್ಡಾ ಎಲ್ಲಿ ಹಚ್ಚಾವ್ರಿದ್ರಿ?"

ಶೆಟ್ಟರು ಗೋಡೆ ನೋಡಿದರು. ಲ್ಯಾಪ್‌ಟಾಪು ನೋಡಿದರು. ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಕನ್ನಡಿಯ ಎಡಕ್ಕೆ ಮುಂಜಾನೆ, ಬಲಕ್ಕೆ ಸಂಜೆ. ಆಚೆಯ ಗುಡ್ಡ ಈಚೆಯ ಗುಡ್ಡಕ್ಕಿಂತ ನಾಲ್ಕು ಬೆರಳು ಮೇಲಿದ್ದರೆ ಯಾವ ಗಿರಾಕಿ ದಾರ ಹಿಡಿದು ಅಳೆಯುತ್ತಾನೆ?

ಇಷ್ಟಾದ ಮೇಲೆ ಅಶ್ವಿನಿ ಬಾಯಿ ಹಾಕಿದಳು. "ಆದ್ರ ಮಧ್ಯಾಹ್ನ ಇಲ್ಲದ ದಿನಾ ಹೆಂಗ್ರಿ? ಅದು ಸರಿ ಅಲ್ಲರಿ..."

ಅವಳ ತೋಳನ್ನು ಗಟ್ಟಿಯಾಗಿ ಚಿವುಟಿದೆ.

"ಮಧ್ಯಾಹ್ನ ನನ್ನ ಹೋಟೆಲಿನಲ್ಲಿ ಗೋಡೆ ನೋಡುವವರು ಯಾರಮ್ಮ?" ಎಂದರು ಶೆಟ್ಟರು. "ಊಟಕ್ಕೆ ಸಾಲು ನಿಂತಿರ್ತದೆ." ಫೋನಿನವನಿಗೆ ಜಲಪಾತ ಬೇಡವೆಂದು ಹೇಳಿ ಇಟ್ಟರು. ಉಳಿದ ಎರಡು ಗೋಡೆ ನೋಡಲು ಬುಧವಾರ ಬಾ ಎಂದರು.

ಬಿಬವೇವಾಡಿಗೆ ಬಂದಾಗ ಮಗ ಬಾಗಿಲಲ್ಲೇ ನಿಂತಿದ್ದ. ಸುದ್ದಿ ಕೇಳಿ ನಂಬಲಿಲ್ಲ, ಶೆಟ್ಟರಿಗೆ ತಾನೇ ಫೋನು ಮಾಡಿ ಕೇಳಿದ ಮೇಲೆ ನಂಬಿದ. ಕರಾರು ಕರಾರೇ. ಕುರಕುಂಭದ ನೌಕರಿ ಕೊಡಿಸಿದವರು ನಮ್ಮ ಕಡೆಯವರೇ, ಇಂಡಿ ತಾಲೂಕಿನವರು. ಅವರಿಗೆ ಫೋನು ಹಚ್ಚಿದ. ಬೇಡ ಎಂದು ಹೇಳಲು ಬಾಯಿ ಬರಲಿಲ್ಲ. ಗುಡ್ಡದ ಫೋಟೋ ಎಂದು ಹೇಳಲು ಅದಕ್ಕಿಂತ ನಾಚಿಕೆ. ವರಗಳನ್ನು ಬೇಡ ಎನ್ನುವಾಗ ಆಡುವ ಮಾತೇ ಅವನ ಬಾಯಿಗೆ ಬಂತು: "ತಪ್ಪ ತಿಳ್ಕೋಬ್ಯಾಡ್ರಿ. ಹುಡುಗೀದು ಬ್ಯಾರೆ ಕಡೆ ಗೊತ್ತಾಗ್ಯದ್ರಿ."

ಆ ಕಡೆಯವರಿಗೆ ಭಾಳ ಖುಷಿಯಾಯಿತು. ನಮಗೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ, ಒಳ್ಳೇದಾತ್ರಿ, ಹುಡುಗ ಯಾವೂರಾಂವ, ಏನ್ ಮಾಡ್ತಾನ ಎಂದು ವಿಚಾರಿಸಿದರು.

ಮಗ ಫೋನಿನ ಮೇಲೆ ಕೈ ಮುಚ್ಚಿ ನನ್ನ ಮುಖ ನೋಡಿದ.

"ಬೋಪದೇವ ಘಾಟಿನಾಂವ," ಎಂದೆ. "ಏನೂ ಮಾಡೂದಿಲ್ಲ, ಆದ್ರ ಕುಂತ ಜಾಗಾ ಬಿಟ್ಟ ಏಳೂದಿಲ್ಲ ಅಂತ ಹೇಳು."