ಹಗುರಾದ ಗಾಡಿ

ಪುಣೆಯ ನಿಗಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದ ನನ್ನ ಅಕ್ಕ ಬಾಯಿ ತೆರೆಯುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವವಳು. ಅಪಾರ್ಟ್‌ಮೆಂಟಿನ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ, ನೆಲಮಾಳಿಗೆಯಲ್ಲಿ ಅವಳ ತಳ್ಳುಗಾಡಿಗೆ ಜಾಗ ಕೊಟ್ಟಿದ್ದರು. ದಿನಾ ಮುಂಜಾನೆ ಅದನ್ನು ಏರು ಹತ್ತಿಸಿ ರಸ್ತೆಗೆ ತರುವುದು ನನ್ನ ಕೆಲಸ.

"ಭಾರ ನೋಡಿ ಜೋರು ಹಾಕೋ ತಮ್ಮಾ," ಎಂದು ದಿನಾ ಹೇಳುವಳು. ಸಿಲಿಂಡರು, ಹಂಚು, ಹಿಟ್ಟಿನ ಡಬ್ಬಿ ತುಂಬಿದ ಗಾಡಿಗೆ ನಾನು ನಾಲ್ಕು ಹೆಜ್ಜೆ ಓಡಿಬಂದು ಭುಜ ಕೊಡುತ್ತಿದ್ದೆ.

ಒಂದು ದಿನ ಸೋಮಾರಿತನಕ್ಕೆ, ಬೆನ್ನಿನ ಒಂದು ಕಡೆ ಕೈಯಿಟ್ಟು ತೋರಿಸಿ, ನೋವೆಂದು ಸುಳ್ಳು ಹೇಳಿದೆ.

"ಹಂಗಾದ್ರ ಸಾವಕಾಶ ಬಾ," ಎಂದು ಅಕ್ಕ ಮುಂದೆ ಹೋದಳು.

ನಾನು ಇಳಿದು ಹೋಗಿ, ಒಳಗಿನದೇನೂ ಕಾಣದಂತೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದ ಗಾಡಿಗೆ ಎಂದಿನಂತೆ ಓಡಿಬಂದು ಭುಜ ಕೊಟ್ಟೆ. ನನ್ನ ಬೆನ್ನಿಗೆ ಹಗುರಾಗಲೆಂದು ಅವಳು ಸಾಮಾನನ್ನೆಲ್ಲ ತಾನೇ ಹೊತ್ತು ಮೇಲೆ ಸಾಗಿಸಿದ್ದು ನನಗೇನು ಗೊತ್ತು! ಭಾರ ಇಳಿದು ಜೋರು ಅಷ್ಟೇ ಉಳಿದರೆ ವೇಗ ಹೇಗೆ ಏರುತ್ತದೆಂದು, ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅಂದು ತಿಳಿಯಿತು. ಗಾಡಿ ಕೈಬಿಟ್ಟು ಏರು ಹಾರಿ, ಅಧ್ಯಕ್ಷರ ಹೊಸ ಸ್ಕೂಟರಿಗೆ ಗುದ್ದಿತು.

ಯಾರು ತಳ್ಳಿದ್ದೆಂದು ಅವರು ಮರಾಠಿಯಲ್ಲಿ ಗುಡುಗಿದರು. ನಾನು ಕಂಬದ ಹಿಂದೆ ನಿಂತೆ.

"ಮೀಚ, ಸಾಹೇಬ್," ನಾನೇ ಎಂದಳು ಅಕ್ಕ.

ಗಾಡಿಯ ಜಾಗ ಅಂದೇ ಹೋಯಿತು.

ಸಂಜೆ ಅವಳು ಮುಲಾಮು ಹಿಡಿದು ಬಂದಳು. "ಯಾವ ಕಡೆ ನೋವದನೋ?"

ಮುಂಜಾನೆ ಯಾವ ಕಡೆ ತೋರಿಸಿದ್ದೆನೋ ನನಗೆ ನೆನಪಾಗಲಿಲ್ಲ.

"ಇರ್ಲಿ ಬಿಡು," ಎಂದು ಎರಡೂ ಕಡೆ ಹಚ್ಚಿದಳು.