ಅತ್ತೆಯ ವೀಣೆಯಲ್ಲಿ ಪಿಯಾನೊ

ಮಧ್ಯಾಹ್ನ ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಕೋಣೆಯಿಂದ ಪಿಯಾನೊ ಕೇಳಿಸಿತು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಪಿಯಾನೊನೇ ಇಲ್ಲ! ಹೋಗಿ ನೋಡಿದರೆ, ತೀರಿಕೊಂಡ ನಮ್ಮತ್ತೆಯ ವೀಣೆಗೆ ಮಗಳು ವೈರು ಸಿಕ್ಕಿಸಿ, ನಾದ ಬದಲಿಸುವ ಪೆಡಲ್ ಡಬ್ಬಿಯೊಂದನ್ನು ನೆಲದ ಮೇಲಿಟ್ಟು ಕಾಲಲ್ಲಿ ಒತ್ತುತ್ತಿದ್ದಳು. ಒತ್ತಿ ಮೀಟಿದರೆ ಸ್ಪೀಕರಿನಲ್ಲಿ ವೀಣೆ ಪಿಯಾನೊದಂತೆ ನುಡಿಯುತ್ತಿತ್ತು.

"ಸರಸ್ವತಿಗೆ ಕಾಲು ತಾಗಿಸ್ತೀಯೇನೇ?" ಎಂದು ಗದರಿ, ಡಬ್ಬಿಯನ್ನು ಮಣೆ ಮೇಲಿಟ್ಟು ನಾನೇ ಕೈಯಲ್ಲಿ ಒತ್ತಿ ಹಿಡಿದೆ.

ಅವಳು ಒಮ್ಮೆ ಮೀಟಿ ಕೈ ತೆಗೆದಳು. ತಂತಿ ನಿಂತರೂ ಸ್ವರ ನಿಲ್ಲಲಿಲ್ಲ. ಯಾರೋ ಮನೆಯೊಳಗೇ ನಡೆಯುತ್ತಾ ದೂರವಾಗುವ ಹಾಗೆ, ಮತ್ತೆ ಮತ್ತೆ ಬಂದು ಸಣ್ಣದಾಗುತ್ತಾ ಹೋಯಿತು.

"ಕೈ ಬಿಡಮ್ಮ, ನಿಂತೋಗತ್ತೆ."

ಬಿಡಲಾಗಲಿಲ್ಲ. ಅತ್ತೆಯ ಕೊನೆಯುಸಿರಿನ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿದ್ದೆ. ಈ ಸಲ ಸ್ವರ ತಾನಾಗಿ ಅಡಗುವವರೆಗೂ ಪಕ್ಕದಲ್ಲೇ ಕೂತಿದ್ದೆ. ದೇವರು ಅಷ್ಟನ್ನಾದರೂ ಕರುಣಿಸಿದ. ಆಮೇಲೆ ಎದ್ದು, ಉಳಿದ ಅವರೆ ಹಿತುಕಲು ಹೋದೆ.