ಮುಳ್ಳಿಲಿಯ ಮುಂದೆ ನನ್ನ ವಾದ

ನನ್ನ ಮೇಜಿನ ಕೆಳಗೆ ಬೂಟು ಉಜ್ಜುವ ಬ್ರಷ್ಷೊಂದು ಸದಾ ಅಂಗಾತ ಬಿದ್ದಿರುತ್ತದೆ. ಬರೆಯುವಾಗ ಅಂಗಾಲಿಗೆ ತಾಗಿದರೆ ಬೆಚ್ಚಿಬಿದ್ದು, ಚುಚ್ಚಿತೆಂದು ಬೈಯುತ್ತೇನೆ. ವಿಚಾರಿಸಿ ನೋಡಿದರೆ ಬ್ರಷ್ಷು ನನ್ನ ಮೇಲೆ ಬಂದದ್ದಿಲ್ಲ. ನಾನೇ ಅದರ ಮೇಲೆ ಹೋದದ್ದು. ಈ ತರ್ಕದೋಷವನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ಒಂದು ಮುಳ್ಳಿಲಿ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಗಳನ್ನು ಮೌನಗೊಳಿಸಿ, ಒಂದು ಬೆಳ್ಳಿಯ ಕಪ್ಪನ್ನೂ ಅದರ ತೂಕವನ್ನು ಮೀರಿದ ಅಹಂಕಾರವನ್ನೂ ಹೊತ್ತು ನಮ್ಮೂರು ತುಕ್ಕಾನಟ್ಟಿಗೆ ಬಂದಿದ್ದ ರಜೆಯದು. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಬೀರಪ್ಪ ಕಾಕಾ ಬೆಳಿಗ್ಗೆ ಕುರಿದಡ್ಡಿಯ ತಟ್ಟಿ ಕಿತ್ತು ಸರಿಸುವಾಗ, ಬುಡದಲ್ಲಿ ಮುಷ್ಟಿಗಾತ್ರದ ಮುಳ್ಳಿನ ಉಂಡೆಯೊಂದು ಸಿಕ್ಕಿತು. ಸುದ್ದಿ ಕೇಳಿ ಅಕ್ಕ ಕೂಸನ್ನೆತ್ತಿಕೊಂಡು ಓಡಿ ಬಂದಳು. ಕೂಸಿಗೆ ತಿಂಗಳಿನಿಂದ ನಾಯಿಕೆಮ್ಮು. ಮುಳ್ಳಿಲಿಯನ್ನು ಕೊಂದು, ಮುಳ್ಳು ಸುಟ್ಟ ಬೂದಿಯನ್ನು ಜೇನಿನಲ್ಲಿ ನೆಕ್ಕಿಸಿದರೆ ಕೆಮ್ಮು ನಿಲ್ಲುತ್ತದೆಂದು ನಮ್ಮ ಮನೆಯ ಹಿರಿಯರ ನಂಬಿಕೆ.

ನಾನು ಅಡ್ಡ ನಿಂತೆ. ಮುಳ್ಳಿಗೂ ಕೆಮ್ಮಿಗೂ ಕಾರ್ಯಕಾರಣ ಸಂಬಂಧವೇನು? ಗುಣವಾದ ಕೂಸುಗಳು ಬೂದಿಯಿಲ್ಲದೆ ಗುಣವಾಗುತ್ತಿರಲಿಲ್ಲವೆಂಬುದಕ್ಕೆ ಆಧಾರವೇನು? ಓದುಗರೇ, ನೀವೂ ನನ್ನ ಪಕ್ಷದವರೇ ಇರಬೇಕು; ಆದರೆ ಸಮಯ ಮುಗಿಯಿತೆಂದು ಗಂಟೆ ಬಾರಿಸುವವರು ಹೊಲದಲ್ಲಿರಲಿಲ್ಲವಾಗಿ ನಾನು ಬಹಳ ಹೊತ್ತು ಮಾತಾಡಿದೆ.

"ಕಪ್ ಗೆದ್ದೀಯಲ್ಲೋ ಶಾಣ್ಯಾ, ಈ ಕೆಮ್ಮೂ ಒಂದೀಟ ಗೆದ್ದ ತೋರ್ಸು!" ಎಂದ ಅಕ್ಕ ಸೆರಗನ್ನು ಬಿಗಿಯಾಗಿ ಹೊದ್ದು, ಕೂಸನ್ನು ಒಳಗೆಳೆದುಕೊಂಡು, ಬದುವಿನ ಮೇಲೆ ಮುದುಡಿ ಕೂತುಬಿಟ್ಟಳು.

"ಮಾರಿ, ಹೊಟ್ಟಿ ಎಲ್ಲಾ ಒಳಗ ಐತ್ರಿ ಸಾಹೇಬ್ರ," ಎಂದು ಕಾಕಾ ಉಂಡೆ ತೋರಿಸಿದ. "ಚೀಲದ ದಾರ ಜಗ್ಗಿಧಂಗ ಬಿಗೀತೈತಿ. ನೀವು ಒದರಿದಷ್ಟೂ ಗಟ್ಟಿ ಆಗತೈತಿ. ನೀರ ಸುರುವಿದ್ರ ಬಿಚ್ಚತೈತಿ, ಇಲ್ಲಾಂದ್ರ ದೂರ ಸುಮ್ನ ಕುಂದ್ರಬೇಕು." ಹಾಗೆಂದವನು ನೀರು ತರಲು ಬಾವಿಗೆ ಹೋದ.

ಓಡಲು ಕಾಲು ಗಿಡ್ಡ, ಕಾದಾಡಲು ಬಾಯಿ ಚಿಕ್ಕದು. ಮೆತ್ತಗಿರುವುದನ್ನೆಲ್ಲ ಒಳಗಿಟ್ಟುಕೊಂಡು, ಬಂದವರು ಬೇಸತ್ತು ಹೋಗಲೆಂದು ಕಾಯುವುದಷ್ಟೇ ಆ ಪ್ರಾಣಿಯ ಸಮಗ್ರ ಯುದ್ಧನೀತಿ. ಉಂಡೆಯಿಂದ ಕಣ್ಣೆತ್ತಿದರೆ ಬದುವಿನ ಮೇಲೆ ಅಕ್ಕನೂ ಅದೇ ಭಂಗಿಯಲ್ಲಿದ್ದಳು. ಸಮಾರೋಪದ ಮಾತಿಲ್ಲದೆ ನಾನು ಕೂತದ್ದು ಅದೇ ಮೊದಲು. ಇಬ್ಬರಿಂದಲೂ ನಾಲ್ಕು ಮಾರು ದೂರದಲ್ಲಿ ಕೂತೆ.

ಬಹಳ ಹೊತ್ತಿನ ಮೇಲೆ ಸೆರಗು ಸಡಿಲಾಯಿತು. "ಮನಿಯವರು ಸೊಲ್ಲಾಪುರದ ಗಿರಣ್ಯಾಗ. ಕೂಸಿನ್ನ ಕಟಗೊಂಡು ಒಬ್ಬಾಕಿ ಗೋಕಾಕಕ್ಕ ಹೆಂಗ ಹೋಗ್ಲಿ? ನೀ ಬಂದು ಎಂಟ ದಿನಾ ಆತು. ದವಾಖಾನಿಗಿ ನಡಿ ಅಂತ ಒಮ್ಮಿಯರ ಅಂದಿಯೇನ?"

ನಾನು ಕಪ್ಪು ಗೆದ್ದ ಚರ್ಚೆಯ ವಿಷಯ ಸ್ತ್ರೀಯರ ಕ್ಷೇಮ.

"ನಡಿ ಅಕ್ಕಾ," ಎಂದೆ, "ಕೂಸಿನ್ನ ನಾ ಎತಗೋತೀನಿ."

ಕಾಕಾ ಕೊಡ ಹೊತ್ತು ಬಂದಾಗ ಉಂಡೆಯಿದ್ದ ಜಾಗ ಬರಿದಾಗಿತ್ತು. ನಾವು ಸುಮ್ಮನಿದ್ದ ಹೊತ್ತಿನಲ್ಲಿ ಅದೂ ಬಿಚ್ಚಿಕೊಂಡು ಬೇಲಿ ಸೇರಿತ್ತು. "ನಿಮ್ಮ ಭಾಷಣಾ ಮುಗದಿದ್ದು ಅದಕ್ಕ ಮೊದಲ ಗೊತ್ತಾತ ನೋಡ್ರಿ," ಎಂದು ನಗುತ್ತ, ಅದೇ ನೀರಿನಲ್ಲಿ ಮುಖ ತೊಳೆದುಕೊಂಡ.

ಕೂಸು ಮೂರು ವಾರಕ್ಕೆ ಗುಣವಾಯಿತು. ಡಾಕ್ಟರ ಔಷಧದಿಂದಲೋ, ಕೆಮ್ಮಿನ ಅವಧಿ ತೀರಿದ್ದರಿಂದಲೋ? ಬೂದಿಗೆ ಕೇಳಿದ ಪ್ರಶ್ನೆಯನ್ನು ಬಾಟಲಿಗೂ ಕೇಳಬೇಕಾದೀತೆಂದು ಅಕ್ಕನೆದುರು ಇಂದಿಗೂ ಬಾಯಿ ತೆರೆದಿಲ್ಲ.

ಇದನ್ನು ಬರೆಯುತ್ತಿರುವಾಗಲೂ ಬ್ರಷ್ಷು ತಾಗಿತು. ಚುಚ್ಚಿತು ಎನ್ನಹೊರಟವನು, ತುಳಿದೆ ಎಂದು ತಿದ್ದಿಕೊಂಡು, ಕಾಲನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡೆ.